ಗಾಳಿಗೂ ಬಾಡಿಗೆ ಕಟ್ಟಿದ ಕಥೆ

ದಾವಣಗೆರೆಯ ಭಟ್ಟಿಗಳಿಂದ ಮಂಡಕ್ಕಿ ತುಂಬಿಕೊಂಡು ಹೊರಟ ಲಾರಿಯನ್ನು ನೀವು ನೋಡಿಯೇ ಇರುತ್ತೀರಿ. ಚೀಲದ ಮೇಲೆ ಚೀಲ ಒಟ್ಟಿ, ಕ್ಯಾಬಿನ್ನಿಗಿಂತ ಎಷ್ಟೋ ಎತ್ತರಕ್ಕೆ ಏರಿ, ಎರಡೂ ಪಕ್ಕಕ್ಕೆ ಚಾಚಿಕೊಂಡು, ಈಗ ಬಿತ್ತು ಆಗ ಬಿತ್ತು ಅನ್ನುವ ಹಾಗೆ ಹೋಗುತ್ತಿರುತ್ತದೆ. ಆದರೆ ಅದರ ಟೈರು ನೋಡಿ, ಒಂಚೂರೂ ಕುಸಿದಿರುವುದಿಲ್ಲ. ಅಕ್ಕಿಯಾದರೆ ಹತ್ತು ಟನ್ ಹೊರುವ ಲಾರಿಗೆ ಹಗ್ಗ ಬಿಗಿದು ಗುಡ್ಡದಷ್ಟು ಮಂಡಕ್ಕಿ ಏರಿಸಿದರೂ ಮೂರು ಟನ್ ದಾಟುವುದು ಕಷ್ಟ. ಭಟ್ಟಿಯ ಬಿಸಿ ಮರಳಿನಲ್ಲಿ ಅಕ್ಕಿ ಅರಳಿ ಏಳೆಂಟು ಪಟ್ಟು ಹಿಗ್ಗುತ್ತದೆ. ಹಿಗ್ಗಿದ್ದೆಲ್ಲ ಗಾಳಿ.

ಗಾಳಿ ಎಂದು ಲಾರಿಯವರು ಬಾಡಿಗೆ ಬಿಡುವುದಿಲ್ಲ. ಬಿಡಲು ಆಗುವುದೂ ಇಲ್ಲ. ಡೀಸೆಲ್, ಡ್ರೈವರ್ ಸಂಬಳ, ಟೋಲ್ ಎಲ್ಲ ಒಂದೇ. ಗಾಡಿ ತುಂಬಿತು ಅಂದರೆ ತುಂಬಿತು. ಹಾಗಾಗಿ ಭತ್ತ ನೂರಾರು ಕಿಲೋಮೀಟರ್ ಪ್ರಯಾಣ ಮಾಡುತ್ತದೆ, ಮಂಡಕ್ಕಿ ಮಾತ್ರ ತಿನ್ನುವ ಬಾಯಿಗಳ ಹತ್ತಿರದಲ್ಲೇ ತಯಾರಾಗುತ್ತದೆ. ಒತ್ತಿ ಚಿಕ್ಕದು ಮಾಡೋಣ ಅಂದರೆ ಪುಡಿಯಾಗುತ್ತದೆ.

ಸಾಗಣೆ ಖರ್ಚು ತೂಕದ ಮೇಲೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹಿಂದಕ್ಕೆ ಹೋಗಿ ನೋಡಿದರೆ ಜಾಗದ ಲೆಕ್ಕವೂ ಅಷ್ಟೇ ಹಳೆಯದು. ‘ಟನ್’ ಎಂಬ ಮಾತೇ ಮೊದಲಿಗೆ ತೂಕದ ಮಾತಾಗಿರಲಿಲ್ಲ. ಯುರೋಪಿನಲ್ಲಿ ದ್ರಾಕ್ಷಾರಸ ತುಂಬುವ ದೊಡ್ಡ ಪೀಪಾಯಿಗೆ ಆ ಹೆಸರಿತ್ತು. ಒಂದು ಹಡಗಿನಲ್ಲಿ ಅಂಥ ಪೀಪಾಯಿ ಎಷ್ಟು ಹಿಡಿಯುತ್ತವೆ ಅನ್ನುವುದೇ ಹಡಗಿನ ಅಳತೆ. ನಮ್ಮಲ್ಲೂ ಸೇರು, ಬಳ್ಳ, ಕೊಳಗ, ಖಂಡುಗ ಎಲ್ಲ ಜಾಗದ ಅಳತೆಗಳೇ. ನಮ್ಮ ಅಜ್ಜಂದಿರು ಕಾಳನ್ನು ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು.

ಈ ಜಾಗದ ಲೆಕ್ಕದಲ್ಲಿ ದುಡ್ಡು ಯಾರ ಕೈಗೆ ಹೋಗುತ್ತದೆ ಎಂದು ತಿಳಿಯಬೇಕಾದರೆ ನಮ್ಮ ಎರೆ ಸೀಮೆಯ ಹತ್ತಿಯ ಕಥೆ ಕೇಳಬೇಕು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಲ್ಯಾಂಕಶೈರ್ ಮಿಲ್ಲುಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಯಿತು. ಅವರ ಕಣ್ಣು ಇಂಡಿಯಾದ ಮೇಲೆ ಬಿತ್ತು. ತುಂಗಭದ್ರೆಯ ಆಚೆ ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಹತ್ತಿ ಆಗ ಎತ್ತಿನ ಬೆನ್ನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬೈ ಸೇರುತ್ತಿತ್ತು. ಕುಮಟಾ ಸಮುದ್ರದ ದಂಡೆಯ ಊರು, ಹತ್ತಿ ಬೆಳೆಯುವ ನೆಲವೇ ಅಲ್ಲ. ಆದರೂ ಈ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು ಬಿತ್ತು. ಬೆಳೆದ ಊರಿನ ಹೆಸರು ಹೋಗಿ ಸಾಗಿಸಿದ ಊರಿನ ಹೆಸರು ಉಳಿಯಿತು. ಈ ಪ್ರಬಂಧದಲ್ಲಿ ನಾವು ಹೇಳಬೇಕೆಂದಿರುವುದರ ಅರ್ಧ ಈ ಹೆಸರಿನಲ್ಲೇ ಇದೆ.

ಹತ್ತಿ ಸಾಗಿಸುವುದು ಹೇಗಿತ್ತು? ದೊಡ್ಡ ಚೀಲವನ್ನು ಬಾಯಿ ಮೇಲಾಗಿ ಕಟ್ಟಿ, ಅದರೊಳಗೆ ಆಳು ಇಳಿದು, ಮೇಲಿಂದ ಹಾಕಿದ ಹತ್ತಿಯನ್ನು ಕಾಲಲ್ಲಿ ತುಳಿದು ತುಳಿದು ತುಂಬುತ್ತಿದ್ದರು. ನಮ್ಮ ಕಡೆ ಅಂಡಿಗೆ ಅನ್ನುತ್ತೇವಲ್ಲ, ಅದೇ. ಮನುಷ್ಯನ ಕಾಲು ಎಷ್ಟು ಒತ್ತಬಲ್ಲದೋ ಅಷ್ಟೇ ಒತ್ತಡ. ಗಾಡಿಯ ತುಂಬ ಅಂಡಿಗೆ ಕಂಡರೂ ಎತ್ತಿಗೆ ಹೊರೆ ಹೆಚ್ಚಿರಲಿಲ್ಲ, ಗಾಡಿ ಬಾಡಿಗೆ ಮಾತ್ರ ಪೂರ್ತಿ. ಮುಂಬೈಯ ಕೊಲಾಬಾದಲ್ಲಿ ಹತ್ತಿ ಪೇಟೆ ಇತ್ತು, ಒತ್ತುವ ಯಂತ್ರಗಳೂ ಅಲ್ಲಿದ್ದವು. ಮೊದಲು ಕೈಯಲ್ಲಿ ತಿರುಗಿಸುವ ಸ್ಕ್ರೂ ಪ್ರೆಸ್, ಆಮೇಲೆ ಉಗಿಯ ಮತ್ತು ನೀರಿನ ಒತ್ತಡದ ಪ್ರೆಸ್. ಅಲ್ಲಿ ಅಂಡಿಗೆ ಬಿಚ್ಚಿ, ಹತ್ತಿಯನ್ನು ಮರದ ದಿಮ್ಮಿಯ ಹಾಗೆ ಗಟ್ಟಿ ಬೇಲ್ ಮಾಡಿ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದರು. ಹಡಗಿನವರು ಹತ್ತಿಗೆ ಬಾಡಿಗೆ ಹಾಕುತ್ತಿದ್ದದ್ದು ಜಾಗ ಅಳೆದು. 40 ಘನ ಅಡಿಗೆ ಒಂದು ಟನ್, ಕೆಲವು ಬಂದರುಗಳಲ್ಲಿ 50 ಘನ ಅಡಿಗೆ ಒಂದು ಟನ್. ಅದೇ ತೂಕದ ಹತ್ತಿಯನ್ನು ಅರ್ಧ ಜಾಗಕ್ಕೆ ಇಳಿಸಿದರೆ ಹಡಗಿನ ಬಾಡಿಗೆಯೂ ಅರ್ಧ.

ಇಲ್ಲೊಂದು ತಮಾಷೆ ಇದೆ, ರೈತನ ಪಾಲಿಗೆ ತಮಾಷೆಯಲ್ಲ. ಊರಲ್ಲಿ ಹತ್ತಿ ಕೊಳ್ಳುವಾಗ ತೂಕದ ಲೆಕ್ಕ, ಸಮುದ್ರದ ಮೇಲೆ ಒಯ್ಯುವಾಗ ಜಾಗದ ಲೆಕ್ಕ. ತೂಕಕ್ಕೆ ದುಡ್ಡು ಅಂದಾಗ ಕೆಲವರು ಹತ್ತಿಗೆ ನೀರು ಚಿಮುಕಿಸಿದರು, ಮಣ್ಣು ಸೇರಿಸಿದರು, ಬೀಜ ಬೆರೆಸಿದರು. ಇದನ್ನು ತಡೆಯಲು ಮುಂಬೈ ಸರ್ಕಾರ 1863ರಲ್ಲಿ ಹತ್ತಿ ವಂಚನೆ ತಡೆ ಕಾಯ್ದೆಯನ್ನೇ ತಂದಿತು. ತೂಕ ಹೆಚ್ಚಿಸಿದವನು ಕಳ್ಳನಾದ. ಗಾತ್ರ ಇಳಿಸಿ ಬಾಡಿಗೆ ಉಳಿಸಿದವನು ಜಾಣ ವ್ಯಾಪಾರಿಯಾದ. ಕಲಬೆರಕೆ ಸರಿ ಎಂದು ನಾವು ಹೇಳುತ್ತಿಲ್ಲ. ಪ್ರೆಸ್ ಇದ್ದವನ ಕೈಗೆ ನ್ಯಾಯವಾಗಿಯೇ ಬಂದ ಆ ಉಳಿತಾಯದಲ್ಲಿ, ಘಟ್ಟದ ತುದಿಯವರೆಗೆ ಗಾಳಿಗೆ ಬಾಡಿಗೆ ಕಟ್ಟಿದವನಿಗೆ ಪಾಲಿರಲಿಲ್ಲ ಅನ್ನುವುದಷ್ಟೇ ನಮ್ಮ ಮಾತು.

ಆಮೇಲೆ ರೈಲು ಬಂತು. 1889ರ ಹೊತ್ತಿಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಬೆಂಗಳೂರನ್ನೂ ಹರಿಹರವನ್ನೂ ಕೂಡಿಸಿತು. ದಾವಣಗೆರೆ ಅದೇ ದಾರಿಯಲ್ಲಿತ್ತು. ಅತ್ತ ಗೋವಾದ ಮರ್ಮಗೋವಾ ಬಂದರಿಗೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ ರೈಲು ಮುಟ್ಟಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹಳಿ ಬಂತು. ಅಂಡಿಗೆ ತುಂಬಿದ ವ್ಯಾಗನ್ ಹೊರಬೇಕಾದ ತೂಕ ಹೊರುವ ಮೊದಲೇ ತುಂಬಿಹೋಗುತ್ತದೆ, ಹಾಗಾಗಿ ರೈಲಿನವರಿಗೂ ಒತ್ತಿದ ಬೇಲೇ ಇಷ್ಟ. ಪೂರ್ತಿ ಒತ್ತಿದ ಹತ್ತಿ, ಅರ್ಧ ಒತ್ತಿದ ಹತ್ತಿ, ಸಡಿಲ ಹತ್ತಿ ಎಂದು ದರವೇ ಬೇರೆ ಬೇರೆ. ಮೀಟರ್ ಗೇಜ್ ಮುಗಿದು ಬ್ರಾಡ್ ಗೇಜ್ ಶುರುವಾಗುವ ಕಡೆ ಸರಕನ್ನೆಲ್ಲ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಅಲ್ಲಿಯೂ ಹರಿಯುವ ಅಂಡಿಗೆಗಿಂತ ಬೇಲ್ ಸಲೀಸು.

ಹೀಗಾಗಿ ಮುಂಬೈಯಲ್ಲಿದ್ದ ಪ್ರೆಸ್ಸು ರೈಲು ಹಿಡಿದು ಒಳನಾಡಿಗೆ ಬಂತು. ಹುಬ್ಬಳ್ಳಿ, ಗದಗ, ದಾವಣಗೆರೆಗಳಲ್ಲಿ ಸ್ಟೇಷನ್ನಿನ ಸುತ್ತ ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳು ಎದ್ದವು. ಬೀಜ ಇರುವ ಹತ್ತಿ ಮೂರು ಕ್ವಿಂಟಲ್ ಹಾಕಿದರೆ ಜಿನ್ನಿನಿಂದ ಹೊರಬರುವ ಅರಳೆ ಸುಮಾರು ಒಂದು ಕ್ವಿಂಟಲ್, ಉಳಿದದ್ದು ಬೀಜ. ಜಿನ್ ತೂಕ ಇಳಿಸಿತು, ಪ್ರೆಸ್ ಗಾತ್ರ ಇಳಿಸಿತು. ಹಳೆಯ ಬೇಲಿನ ತೂಕ 392 ಪೌಂಡ್, ಅಂಥ ಎರಡು ಬೇಲ್ ಸೇರಿದರೆ ಒಂದು ಖಂಡಿ, 784 ಪೌಂಡ್. ಬೇಲ್ ಈಗ 170 ಕೆಜಿಗೆ ಬಂದಿದೆ, ಆದರೆ ಟಿವಿಯಲ್ಲಿ ಹತ್ತಿ ಧಾರಣೆ ಹೇಳುವಾಗ ಇವತ್ತಿಗೂ 356 ಕೆಜಿಯ ಖಂಡಿಯ ಲೆಕ್ಕವೇ. ಅದು ಈ ಹಳೆಯ ಎರಡು ಬೇಲಿನ ತೂಕ.

ದಾವಣಗೆರೆ ಬೆಳೆದು ಮಿಲ್ಲುಗಳ ಊರಾಯಿತು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಪಟ್ಟಣಗಳಿಗೆ ಇಂದಿಗೂ ರೈಲ್ವೆ ಸ್ಟೇಷನ್ ಇಲ್ಲ. ಪ್ರೆಸ್ ಇರುವುದು ಸ್ಟೇಷನ್ನಿನ ಹತ್ತಿರ, ಹತ್ತಿ ಬೆಳೆಯುವುದು ದೂರದ ಹೊಲದಲ್ಲಿ. ನಡುವಿನ ಗಾಡಿ ದಾರಿಯಲ್ಲಿ ಹತ್ತಿ ಹಿಗ್ಗಿಕೊಂಡೇ ಹೋಗಬೇಕು. ಊರು ದೊಡ್ಡದಾಗಲು ಕಾರಣ ನೂರಿರುತ್ತವೆ, ನಿಜ. ನೀರಾವರಿ, ಬಂಡವಾಳ, ರಸ್ತೆ ಎಲ್ಲ ಇವೆ. ಆದರೆ ಸರಕನ್ನು ಎಲ್ಲಿ ಕುಗ್ಗಿಸುತ್ತಾರೋ ಅಲ್ಲಿ ಕೂಲಿ, ದಲ್ಲಾಳಿ, ಬ್ಯಾಂಕು, ಹೋಟೆಲ್ಲು ಎಲ್ಲ ಬಂದು ಸೇರುತ್ತವೆ. ಇದನ್ನು ನಮ್ಮ ತಾಲ್ಲೂಕುಗಳ ಚರಿತ್ರೆ ಬರೆಯುವವರು ಹೆಚ್ಚು ಗಮನಿಸಿಲ್ಲ ಎಂದು ನಮಗೆ ಅನ್ನಿಸುತ್ತದೆ.

ಈ ಹಳೆಯ ಪ್ರೆಸ್ಸಿನ ಮೊಮ್ಮಗ ಈಗ ನಮ್ಮ ಗದ್ದೆಗಳಲ್ಲೇ ಓಡಾಡುತ್ತಿದೆ. ಕಟಾವು ಯಂತ್ರ ಭತ್ತ ಕೊಯ್ದು ಹೋದ ಮೇಲೆ ಟ್ರ್ಯಾಕ್ಟರಿನ ಹಿಂದೆ ಬರುವ ಬೇಲರ್, ಹುಲ್ಲನ್ನು ಸುತ್ತಿ ಒತ್ತಿ ಉಂಡೆ ಮಾಡಿ ಉದುರಿಸುತ್ತದೆಯಲ್ಲ, ಅದು. ಮೊದಲೆಲ್ಲ ಭದ್ರಾ ನಾಲೆಯ ನೀರುಣ್ಣುವ ಚನ್ನಗಿರಿ, ಹೊನ್ನಾಳಿ ಕಡೆಯ ಹುಲ್ಲು ಅಲ್ಲೇ ಬಣವೆಯಾಗುತ್ತಿತ್ತು, ಹೆಚ್ಚಾದದ್ದು ಗದ್ದೆಯಲ್ಲೇ ಸುಟ್ಟುಹೋಗುತ್ತಿತ್ತು. ಬರಗಾಲದ ಜಗಳೂರಿನಲ್ಲಿ ದನಕ್ಕೆ ಹುಲ್ಲಿಲ್ಲದಿದ್ದರೂ ಬಿಡಿ ಹುಲ್ಲು ತರಿಸಿದರೆ ಹುಲ್ಲಿನ ರೇಟಿಗಿಂತ ಟ್ರ್ಯಾಕ್ಟರ್ ಬಾಡಿಗೆಯೇ ಜಾಸ್ತಿ. ಉಂಡೆ ಬಂದ ಮೇಲೆ ಒಂದೇ ಲೋಡಿನಲ್ಲಿ ಎರಡು ಮೂರು ಪಟ್ಟು ಹುಲ್ಲು ಹೋಗುತ್ತದೆ. 2023ರಂಥ ಬರದಲ್ಲಿ ಇದು ದನ ಉಳಿಸುವ ಮಾತು. ಇಲ್ಲಿಯೂ ಹಳೇ ಪ್ರಶ್ನೆಯೇ: ಬೇಲರ್ ಯಾರದು? ಎಷ್ಟೋ ಕಡೆ ಬೇಲರಿನವರೇ ಹುಲ್ಲು ಕೊಂಡು ಉಂಡೆ ಕಟ್ಟಿ ಒಯ್ಯುತ್ತಾರೆ. ಗದ್ದೆಯವರಿಗೆ ಸಿಗುವುದು ಬಿಡಿ ಹುಲ್ಲಿನ ರೇಟು, ಜಗಳೂರಿನವರು ಕೊಡುವುದು ಉಂಡೆಯ ರೇಟು. ನಾಲ್ಕೈದು ಮನೆಯವರು ಸೇರಿ ಬೇಲರನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕರೆಸಿದರೆ ಆ ನಡುವಿನ ದುಡ್ಡಿನಲ್ಲಿ ಒಂದಿಷ್ಟು ಊರಲ್ಲೇ ಉಳಿಯುತ್ತದೆ.

ಅಡಿಕೆಯವರು ಈ ಪಾಠವನ್ನು ಮೊದಲೇ ಕಲಿತಿದ್ದರು. ಹಸಿ ಅಡಿಕೆಯ ತೂಕದಲ್ಲಿ ಏಳೆಂಟರಲ್ಲಿ ಒಂದು ಪಾಲಷ್ಟೇ ಒಣ ರಾಶಿ ಅಡಿಕೆಯಾಗಿ ಉಳಿಯುತ್ತದೆ. ಸುಲಿದು, ಬೇಯಿಸಿ, ಒಣಗಿಸಿದ ಮೇಲೆಯೇ ಅದು ದೂರದ ಊರಿಗೆ ಹೊರಡುತ್ತದೆ. ಆದರೆ ಖೇಣಿಗೆ ಕೊಟ್ಟ ತೋಟದ ಹಸಿ ಅಡಿಕೆ ಸುಲಿಯುವ ಯಂತ್ರ ಇರುವ ಕಡೆಗೆ ಹೋಗುತ್ತದೆ, ಸಿಪ್ಪೆ ಅಲ್ಲೇ ಉಳಿಯುತ್ತದೆ. ವಾಪಸ್ ತೋಟಕ್ಕೆ ಒಯ್ಯಲು ಯಾರೂ ಬಾಡಿಗೆ ಕೊಡುವುದಿಲ್ಲ, ಅದೂ ಗಾಳಿಯ ಸರಕೇ. ಚನ್ನಗಿರಿ, ಹೊನ್ನಾಳಿ ರಸ್ತೆ ಬದಿಯಲ್ಲಿ ಹೊಗೆಯಾಡುವ ಸಿಪ್ಪೆ ರಾಶಿಗಳಿಗೆ ಜನರ ಅಸಡ್ಡೆ ಎಷ್ಟು ಕಾರಣವೋ ಈ ಬಾಡಿಗೆ ಲೆಕ್ಕವೂ ಅಷ್ಟೇ ಕಾರಣ.

ಚೀಲದ ಗಾತ್ರಕ್ಕೆ ಇನ್ನೊಂದು ಮುಖವಿದೆ. ಲಾರಿ ಬಾಡಿಗೆ ಟನ್ ಲೆಕ್ಕ, ಹಮಾಲಿ ಚೀಲದ ಲೆಕ್ಕ. ಚೀಲ ದೊಡ್ಡದಿದ್ದಷ್ಟೂ ಮಾಲೀಕನಿಗೆ ಹಮಾಲಿ ಉಳಿತಾಯ, ಹಾಗಾಗಿ ಕ್ವಿಂಟಲ್ ಚೀಲಗಳು ಎಷ್ಟೋ ಕಾಲ ನಡೆದವು. ಆ ಉಳಿತಾಯ ಬಂದದ್ದು ಹಮಾಲರ ಸೊಂಟದಿಂದ. ಈಗ ಸಿಮೆಂಟು, ಅಕ್ಕಿ ಎಲ್ಲ 50 ಕೆಜಿಗೆ ಇಳಿದಿವೆ. ಯೂರಿಯಾ ಚೀಲವನ್ನು 2018ರಲ್ಲಿ 50ರಿಂದ 45 ಕೆಜಿಗೆ ಇಳಿಸಿದರು. ಅದರ ಉದ್ದೇಶ ಗೊಬ್ಬರದ ಬಳಕೆ ಕಡಿಮೆ ಮಾಡುವುದಾಗಿತ್ತು. ಲೆಕ್ಕ ಹಾಕಿ ನೋಡಿ: ಮೊದಲು ಒಂದು ಟನ್ನಿಗೆ 20 ಚೀಲ, ಈಗ 22ಕ್ಕಿಂತ ಹೆಚ್ಚು. ಎತ್ತಿ ಇಳಿಸುವ ಸಲ ಹೆಚ್ಚಾಯಿತು, ಬೆನ್ನಿನ ಮೇಲಿನ ಹೊರೆ ಐದು ಕೆಜಿ ಕಡಿಮೆಯಾಯಿತು. ನಮ್ಮನ್ನು ಕೇಳಿದರೆ ಇದು ನಷ್ಟವಲ್ಲ.

ಅಂಚೆಯ ದಾರಿ ಮಾತ್ರ ಬೇರೆ. 1854ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ, ಕಾಗದ ಎಷ್ಟು ದೂರ ಹೋಗುತ್ತದೆ ಎಂದು ನೋಡದೆ ತೂಕ ಮಾತ್ರ ನೋಡಿ ದರ ಹಾಕಿತು. ನಮ್ಮ ಮೈಸೂರು ಸೀಮೆಯ ಅಂಚೆ ಆಗಿನ್ನೂ ಬೇರೆಯಾಗಿತ್ತು. 1889ರಲ್ಲಿ ಬ್ರಿಟಿಷ್ ಅಂಚೆಯ ಜೊತೆ ಸೇರಿಹೋಯಿತು. ಕಾಗದಕ್ಕೆ ತೂಕದ ಲೆಕ್ಕ ಸಾಕು, ಅದೇನು ಜಾಗ ಹಿಡಿಯುತ್ತದೆ? ಗಂಟು ಮೂಟೆ ಬಂದಾಗ ಸಮಸ್ಯೆ. ಆ ಕಾಲದಲ್ಲಿ ಪಾರ್ಸೆಲ್ ಒಯ್ಯುವುದಕ್ಕೆ ‘ಬಂಗಿ’ ಅಂಚೆ ಎಂದೇ ಬೇರೆ ವ್ಯವಸ್ಥೆ ಇತ್ತು. ಹೆಗಲ ಮೇಲೆ ಬಿದಿರಿನ ಅಡ್ಡೆ, ಎರಡು ತುದಿಗೆ ತೂಗುವ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಕೂರದ್ದು, ಆ ಹೆಗಲು ತಾಳದ್ದು ಅಂಚೆಯಲ್ಲಿ ಹೋಗುವಂತಿರಲಿಲ್ಲ.

ಬರೀ ತೂಕ ನೋಡುವ ಅಂಚೆಯನ್ನು ಒಬ್ಬ ವ್ಯಾಪಾರಿ ಹೇಗೆ ಬಳಸಿಕೊಂಡ ಎಂಬ ಕಥೆ ಅಮೆರಿಕದ್ದು, ಸ್ವಲ್ಪ ಹೊತ್ತು ಅಲ್ಲಿಗೆ ಹೋಗಿ ಬರೋಣ. ಅಲ್ಲಿ 1913ರಲ್ಲಿ ಸರ್ಕಾರಿ ಪಾರ್ಸೆಲ್ ಅಂಚೆ ಶುರುವಾಯಿತು. 1916ರಲ್ಲಿ ಯೂಟಾ ರಾಜ್ಯದ ವರ್ನಲ್ ಎಂಬ ಸಣ್ಣ ಊರಲ್ಲಿ ಬ್ಯಾಂಕ್ ಕಟ್ಟಡ ಏಳಬೇಕಿತ್ತು. ಆ ಊರಿಗೂ ರೈಲಿಲ್ಲ, ನಮ್ಮ ಹಾಗೇ. ಗಾಡಿಯಲ್ಲಿ ಇಟ್ಟಿಗೆ ತರಿಸಿದರೆ ಇಟ್ಟಿಗೆಯ ಬೆಲೆಗಿಂತ ಬಾಡಿಗೆ ಎಷ್ಟೋ ಪಟ್ಟು. ಕಟ್ಟಿಸುವವನು ಇಟ್ಟಿಗೆಗಳನ್ನು 50 ಪೌಂಡ್ ಮೀರದ ಸಣ್ಣ ಸಣ್ಣ ಪಾರ್ಸೆಲ್ ಮಾಡಿಸಿ ಅಂಚೆಗೆ ಹಾಕಿಸಿದ. ಸುಮಾರು 80 ಸಾವಿರ ಇಟ್ಟಿಗೆ ಅಂಚೆಯಲ್ಲಿ ಬಂದವು! ಅಂಚೆಯವರು ಬೆಚ್ಚಿಬಿದ್ದು, ಒಬ್ಬರು ಒಬ್ಬರಿಗೆ ದಿನಕ್ಕೆ 200 ಪೌಂಡಿಗಿಂತ ಹೆಚ್ಚು ಕಳಿಸುವಂತಿಲ್ಲ ಎಂದು ನಿಯಮ ಮಾಡಿದರು. ಬ್ಯಾಂಕಿನ ಕಟ್ಟಡ ಈಗಲೂ ನಿಂತಿದೆ.

1956ರ ಏಪ್ರಿಲ್ 26ರಂದು ಅದೇ ಅಮೆರಿಕದ ನೆವಾರ್ಕ್‌ನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಅಲ್ಯೂಮಿನಿಯಂ ಪೆಟ್ಟಿಗೆ ಹೊತ್ತು ಹೂಸ್ಟನ್ ಕಡೆ ಹೊರಟಿತು. ಲಾರಿ ಕಂಪನಿ ನಡೆಸುತ್ತಿದ್ದ ಮಾಲ್ಕಂ ಮೆಕ್ಲೀನ್ ಎಂಬಾತನ ಯೋಚನೆ ಅದು. ಬಿಡಿ ಸರಕನ್ನು ಹಡಗಿಗೆ ಏರಿಸಲು ಟನ್ನಿಗೆ 5.86 ಡಾಲರ್ ಬೀಳುತ್ತಿದ್ದ ಕಾಲದಲ್ಲಿ ಪೆಟ್ಟಿಗೆಯ ಲೆಕ್ಕದಲ್ಲಿ 16 ಸೆಂಟಿಗೂ ಕಡಿಮೆ ಬಿತ್ತು. ಕಂಟೇನರ್ ಅಂದರೆ ಇದೇ. ಅಲ್ಲಿಂದ ಮುಂದೆ ಸಮುದ್ರ ಸಾಗಣೆಯಲ್ಲಿ ಸರಕಿಗಿಂತ ಪೆಟ್ಟಿಗೆಗೆ ಬೆಲೆ. ಒಳಗೆ ಅರ್ಧ ಖಾಲಿ ಇದ್ದರೂ ಬಾಡಿಗೆ ಪೂರ್ತಿ.

ನಮ್ಮ ಕಡೆ ಆ ಹೊತ್ತಿಗೆ ಬಸ್ಸಿನ ಟಾಪ್ ನಡೆಯುತ್ತಿತ್ತು, ಲಾರಿ ಪಾರ್ಸೆಲ್ ಆಫೀಸುಗಳು ಒಂದೊಂದಾಗಿ ಬಂದವು. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರ ಅವರು ಒಂದೇ ಲಾರಿಯಿಂದ ಶುರು ಮಾಡಿದ ವಿಆರ್‌ಎಲ್ ಇಂದು ಎಲ್ಲರಿಗೂ ಗೊತ್ತು. 2021ರಲ್ಲಿ ಕೆಎಸ್‌ಆರ್‌ಟಿಸಿ ‘ನಮ್ಮ ಕಾರ್ಗೋ’ ತಂದಿತು. ಬಸ್ಸಿನ ಟಾಪ್ ಕಾಲದಲ್ಲಿ ಅಳತೆ ಪಟ್ಟಿ ಇರಲಿಲ್ಲ. ಕಂಡಕ್ಟರ್ ಗಂಟನ್ನು ಒಮ್ಮೆ ಕಣ್ಣಲ್ಲೇ ಅಳೆದು ‘ಇಷ್ಟು ಕೊಡಿ’ ಅನ್ನುತ್ತಿದ್ದರು. ಆ ಕಣ್ಣಳತೆ ತೂಕದ್ದಲ್ಲ, ಜಾಗದ್ದೇ.

ಕಣ್ಣಳತೆಯ ಜಾಗಕ್ಕೆ ಈಗ ಸೂತ್ರ ಬಂದಿದೆ. ಪಾರ್ಸೆಲ್ಲಿನ ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ, 5000ದಿಂದ ಭಾಗಿಸಬೇಕು. ಬಂದದ್ದು ಕೆಜಿ. ಈ ಕೆಜಿ ಮತ್ತು ತಕ್ಕಡಿಯ ಕೆಜಿ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಕೊರಿಯರ್‌ನವರು ಹೆಚ್ಚಾಗಿ ಬಳಸುವುದು 5000, ವಿಮಾನದ ಸರಕಿಗೆ 6000 ಇದೆ. ಅಂದರೆ ಐದು ಲೀಟರ್ ಜಾಗ ಹಿಡಿದರೆ ಒಂದು ಕೆಜಿ ಎಂದು ಎಣಿಸುತ್ತಾರೆ. ಇದು ಮೊದಲು ವಿಮಾನದವರ ಲೆಕ್ಕ. ಆನ್‌ಲೈನ್ ವ್ಯಾಪಾರ ಹೆಚ್ಚಿ, ದೊಡ್ಡ ಡಬ್ಬಿಯಲ್ಲಿ ಸಣ್ಣ ಸಾಮಾನು ಹೋಗತೊಡಗಿದ ಮೇಲೆ ನೆಲದ ಮೇಲಿನ ಗಾಡಿಗೂ ಬಂತು. ಅಮೆರಿಕದ ಎರಡು ದೊಡ್ಡ ಕಂಪನಿಗಳಾದ ಫೆಡ್‌ಎಕ್ಸ್ ಮತ್ತು ಯುಪಿಎಸ್ 2015ರ ಹೊತ್ತಿಗೆ ಇದನ್ನು ಸಣ್ಣ ಪಾರ್ಸೆಲ್ಲಿಗೂ ಹಾಕಿದವು.

ಈಗ ನ್ಯಾಮತಿಯ ಒಂದು ಸ್ವಸಹಾಯ ಸಂಘ ಬೆಂಗಳೂರಿಗೆ ಖಡಕ್ ರೊಟ್ಟಿ ಕಳಿಸುತ್ತದೆ ಎಂದುಕೊಳ್ಳಿ. ರೊಟ್ಟಿ ಎರಡು ಕೆಜಿ. ಅಂಗಡಿಯಲ್ಲಿ ಸಿಕ್ಕ ಹಳೇ ರಟ್ಟಿನ ಬಾಕ್ಸ್ ಮೂರೂ ಕಡೆ 40 ಸೆಂಟಿಮೀಟರ್. ರೊಟ್ಟಿ ಮುರಿಯದಿರಲಿ ಎಂದು ಸುತ್ತ ಪೇಪರ್ ತುರುಕಿದರು. 40 × 40 × 40 ಅಂದರೆ 64,000, ಭಾಗಿಸಿದರೆ 12.8 ಕೆಜಿ. ಎರಡು ಕೆಜಿ ರೊಟ್ಟಿಗೆ ಹದಿಮೂರು ಕೆಜಿಯ ದುಡ್ಡು! ಅದೇ ರೊಟ್ಟಿಯನ್ನು ಒಂದರ ಮೇಲೊಂದು ಬಿಗಿಯಾಗಿ ಜೋಡಿಸಿ 25 × 25 × 20ರ ಬಾಕ್ಸಿನಲ್ಲಿಟ್ಟರೆ 12,500, ಅಂದರೆ 2.5 ಕೆಜಿ. ಬಾಕ್ಸಿನ ಪ್ರತಿ ಬದಿ ಎರಡರಷ್ಟಾದರೆ ಜಾಗ ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುತ್ತದೆ. ಹೆಣ್ಣುಮಕ್ಕಳು ಬೆಳಗಿನ ಜಾವ ಎದ್ದು ತಟ್ಟಿದ ರೊಟ್ಟಿಯ ಲಾಭ ಹೋಗುವುದು ಇಲ್ಲಿ.

ಹಡಗಿನವರು ಹಿಂದಿನಿಂದಲೂ ಮಾಡುತ್ತಿದ್ದ ಒಂದು ಉಪಾಯ ಇಲ್ಲಿಯೂ ನಡೆಯುತ್ತದೆ: ಭಾರದ್ದನ್ನೂ ಹಗುರದ್ದನ್ನೂ ಕೂಡಿಸಿ ತುಂಬುವುದು. ರೊಟ್ಟಿಯ ಬಾಕ್ಸಿನ ಮೂಲೆಗಳಲ್ಲಿ ಪೇಪರಿನ ಬದಲು ಶೇಂಗಾ ಚಟ್ನಿಪುಡಿಯ ಪೊಟ್ಟಣ ಕೂರಿಸಿದರೆ, 2.5 ಕೆಜಿಯ ಬಾಡಿಗೆಯಲ್ಲೇ ಅರ್ಧ ಕೆಜಿ ಚಟ್ನಿ ಹೋಗುತ್ತದೆ. ಚನ್ನಗಿರಿಯ ಅಡಿಕೆ ಹಾಳೆ ತಟ್ಟೆಗಳಿಗೂ ಇದೇ ಮಾತು. ಅಂಚು ಓರೆಯಾಗಿದ್ದು ಒಂದರೊಳಗೊಂದು ಕೂರುವ ತಟ್ಟೆ ಚೆನ್ನಾಗಿ ಸಾಗುತ್ತದೆ. ಅಂಚು ನೆಟ್ಟಗಿರುವ ಬಟ್ಟಲು ನೋಡಲು ಚಂದ, ಬಾಡಿಗೆ ಕಟ್ಟುವಾಗ ಗೊತ್ತಾಗುತ್ತದೆ. ಅಚ್ಚು ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಕೌಂಟರಿನಲ್ಲಿ ತಕ್ಕಡಿಯ ಪಕ್ಕ ಟೇಪ್ ಇದೆಯೇ ನೋಡಿ. ಇದ್ದರೆ, ಭಾಗಿಸುವುದು 5000ದಿಂದಲೋ ಬೇರೆ ಅಂಕಿಯಿಂದಲೋ ಮೊದಲೇ ಕೇಳಿ. ಅಳೆಯುವಾಗ ಉಬ್ಬಿದ ಕಡೆಯೇ ಟೇಪ್ ಹಿಡಿಯುತ್ತಾರೆ, ಹಾಗಾಗಿ ಹೊಟ್ಟೆ ಬಂದ ಬಾಕ್ಸನ್ನು ಅಂಟು ಹಾಕುವ ಮುಂಚೆ ಒಳಗಿನದನ್ನು ಸರಿಪಡಿಸಿ ಚಪ್ಪಟೆ ಮಾಡಿಕೊಂಡೇ ಹೋಗಿ.